ಅಂತರಂಗದ ಕಾವಲು

ಆತ್ಮಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಹಿಮಾಲಯದ ಗುಹೆ, ಕಾವಿಬಟ್ಟೆ, ಮುಚ್ಚಿದ ಕಣ್ಣು ಇವೇ ನೆನಪಾಗುತ್ತವೆ. ಸಂಸಾರದ ಹೊರೆ ಇಳಿದ ಮೇಲೆ, ಪಿಂಚಣಿ ಬರತೊಡಗಿದ ಮೇಲೆ ನೋಡಿಕೊಳ್ಳೋಣವೆಂದು ಅದನ್ನು ಪಕ್ಕಕ್ಕೆ ಇಡುತ್ತೇವೆ. ಇಂಗ್ಲಿಷು ಓದಿದವರಲ್ಲಿ ಇನ್ನೊಂದು ಬಗೆಯ ಉದಾಸೀನವೂ ಉಂಟು. ಮನಸ್ಸಿನ ವಿಷಯವಾಗಿ ಪುಸ್ತಕಗಳಿವೆ, ಅವನ್ನು ಓದಿದ್ದೇವೆ, ಆದುದರಿಂದ ಮನಸ್ಸನ್ನು ಬಲ್ಲೆವು ಎಂಬ ಭಾವನೆ ಅದು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ಈ ಭಾವನೆ ಎಷ್ಟು ಸುಖಕರವಾದುದೆಂಬುದನ್ನು ಚೆನ್ನಾಗಿ ಬಲ್ಲೆ. ಆ ಸುಖವನ್ನು ತುಸು ಕದಡುವಂಥ ಕೆಲವು ಸಂಗತಿಗಳನ್ನು ಕಲಬುರಗಿಯ ಸೀಮೆಯಿಂದಲೇ ಎತ್ತಿ ತಮ್ಮ ಮುಂದೆ ಇಡುತ್ತೇನೆ.

ಕಲಬುರಗಿಯ ಕೋಟೆಯಿಂದ 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ ಸಾಮಾನ್ಯ ದೊರೆಯಲ್ಲ. ಹಲವು ಭಾಷೆಗಳನ್ನು ಬಲ್ಲವನು; ದೌಲತಾಬಾದಿನ ಬಳಿ ಗ್ರಹತಾರೆಗಳನ್ನು ನೋಡಲು ವೇಧಶಾಲೆಯನ್ನು ಕಟ್ಟಿಸಲು ತೊಡಗಿದವನು. ವಾರದಲ್ಲಿ ಮೂರು ದಿನ ತಾನೇ ಕುಳಿತು ರೇಖಾಗಣಿತವೇ ಮೊದಲಾದ ಶಾಸ್ತ್ರಗಳ ಪಾಠ ಹೇಳುತ್ತಿದ್ದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ರಾಜ್ಯಭಾರವಿಲ್ಲದ ನಮ್ಮಂಥ ಅಧ್ಯಾಪಕರಿಗೂ ಅಷ್ಟು ಉತ್ಸಾಹ ಅಪರೂಪ. ಇಂಥ ದೊರೆಯ ಊರಿಗೆ ಸುಮಾರು 1400ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನ ಒಬ್ಬ ಸೂಫಿ ಸಂತರು ಬಂದರು. ತೈಮೂರನ ದಂಡು ದಿಲ್ಲಿಯನ್ನು ಮುಟ್ಟುವ ಮೊದಲೇ, 1398ರಲ್ಲಿ, ಆ ನಗರವನ್ನು ಬಿಟ್ಟು ಹೊರಟ ಸೈಯದ್ ಮುಹಮ್ಮದ್ ಹುಸೇನಿ ಅವರೇ ಈ ಸಂತರು. ಗೇಸೂದರಾಜ್ ಎಂದೂ, ಖ್ವಾಜಾ ಬಂದೇ ನವಾಜ್ ಎಂದೂ ಜನರು ಅವರನ್ನು ಕರೆದರು.

ಸುಲ್ತಾನನು ಮೊದಲು ಆದರಿಸಿದನು. ಬಳಿಕ ಅವನ ಮನಸ್ಸು ತಿರುಗಿತು. ಲೌಕಿಕ ಶಾಸ್ತ್ರಗಳಲ್ಲಿ ಈ ಸಂತರ ಪಾಂಡಿತ್ಯ ಸಾಲದೆಂದು ಅವನಿಗೆ ತೋರಿತೆಂದು ಫೆರಿಸ್ತಾ ಹೇಳುತ್ತಾನೆ. ಇದು ವಿಚಿತ್ರವಾದ ಆಕ್ಷೇಪಣೆ. ಏಕೆಂದರೆ ಗೇಸೂದರಾಜರು ಅರಬ್ಬಿ, ಪಾರಸಿ ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ಬರೆದವರು. ಅವರು ಶಿಷ್ಯರೊಡನೆ ಆಡಿದ ಮಾತುಗಳನ್ನು ಅವರ ಮಗನೇ ಸಂಗ್ರಹಿಸಿದ್ದಾನೆ. ಮನಸ್ತಾಪದಲ್ಲಿ ರಾಜಕಾರಣವೂ ಬೆರೆತಿತ್ತೆಂಬುದನ್ನು ಮರೆಯಬಾರದು. ಸಿಂಹಾಸನದ ಪ್ರಶ್ನೆಯಲ್ಲಿ ಸಂತರ ಒಲವು ಸುಲ್ತಾನನ ಮಗನ ಕಡೆಗಿರದೆ ತಮ್ಮನಾದ ಅಹಮದನ ಕಡೆಗಿತ್ತು. ಆದರೂ ನನಗೆ ತೋರುವುದಿಷ್ಟು: ತಿಳಿವಳಿಕೆಯನ್ನು ಪರೀಕ್ಷಿಸಲು ಸುಲ್ತಾನನ ಬಳಿ ಇದ್ದ ಅಳತೆಗೋಲು ಒಂದೇ. ಆ ಕೋಲಿನಿಂದ ಅಳೆಯಲಾಗದ ವಿದ್ಯೆಯೊಂದು ಇರಬಹುದೆಂದು ಅವನಿಗೆ ಹೊಳೆಯಲಿಲ್ಲ. ಇಬ್ಬರೂ 1422ರಲ್ಲಿಯೇ ತೀರಿಕೊಂಡರು.

ಆ ವಿದ್ಯೆ ಯಾವುದು? ಸೂಫಿ ಸಾಧಕರಲ್ಲಿ ಎರಡು ಪಾರಿಭಾಷಿಕ ಪದಗಳುಂಟು. ಒಂದು ‘ಮುಹಾಸಬಾ’, ಎಂದರೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. ನಮ್ಮ ಅಂಗಡಿ ಬೀದಿಯ ‘ಹಿಸಾಬು’ ಎಂಬ ಮಾತೂ ಇದೇ ಧಾತುವಿನಿಂದ ಬಂದದ್ದು. ಇನ್ನೊಂದು ‘ಮುರಾಕಬಾ’. ಇದನ್ನು ಧ್ಯಾನವೆಂದು ಅನುವಾದಿಸುವುದು ರೂಢಿ. ಆದರೆ ಮೂಲಾರ್ಥ ಕಾವಲು ಕಾಯುವುದು. ಹೊಲದ ಅಟ್ಟಣೆಯ ಮೇಲೆ ಕುಳಿತವನು ಹಕ್ಕಿ ಬಂದಿತೆ, ದನ ನುಗ್ಗಿತೆ ಎಂದು ನೋಡುವಂತೆ, ಕೋಪ ಎಲ್ಲಿಂದ ಬಂದಿತು, ಹೊಗಳಿಕೆಗೆ ಮನಸ್ಸು ಹೇಗೆ ಅರಳಿತು ಎಂದು ನೋಡುತ್ತಿರುವುದು. ಕೇಳಲು ಸುಲಭ. ಅಮೆರಿಕದ ವಿಲಿಯಮ್ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಇದರ ತೊಡಕನ್ನು ವಿಚಾರಮಾಡಿದ್ದಾನೆ. ಚಿತ್ತವು ನಿಂತ ನೀರಲ್ಲ, ಹರಿಯುವ ಹೊಳೆ. ನೋಡಲು ತಡೆದೊಡನೆ ನೋಡಬೇಕಾದ ಹರಿವೇ ಇಲ್ಲವಾಗುತ್ತದೆ. ಕೋಪವನ್ನು ಪರೀಕ್ಷಿಸಲು ಕುಳಿತವನಿಗೆ ಸಿಕ್ಕುವುದು ಬಹುಮಟ್ಟಿಗೆ ಕೋಪದ ನೆನಪೇ ಹೊರತು ಕೋಪವಲ್ಲ. ಪುಸ್ತಕ ಓದಿದವನ ಪಾಡಂತೂ ಇನ್ನೂ ಕಷ್ಟ. ಅವನು ತನ್ನಲ್ಲಿ ಕಂಡುದಕ್ಕೆ ಒಂದು ಶಾಸ್ತ್ರೀಯ ಹೆಸರನ್ನು ಕೊಟ್ಟು, ಹೆಸರು ಕೊಟ್ಟುದರಿಂದಲೇ ತೃಪ್ತನಾಗಿಬಿಡುತ್ತಾನೆ.

ಈ ಅಪಾಯದಿಂದ ಪಾರಾದವರು ನಮ್ಮ ತತ್ತ್ವಪದಕಾರರೆಂದು ತೋರುತ್ತದೆ. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ಚೆನ್ನೂರ ಜಲಾಲಸಾಹೇಬ ಮೊದಲಾದವರಿದ್ದರು. ಹೆಸರುಗಳನ್ನು ಕೇಳಿದರೇ ಸಾಕು, ಜಾತಿಮತಗಳ ಬೇಲಿ ಅಲ್ಲಿ ಎಷ್ಟು ತಗ್ಗಿತ್ತೆಂಬುದು ತಿಳಿಯುತ್ತದೆ. ಕಾಲೇಜು ಕಂಡವರಲ್ಲ, ಹಗಲೆಲ್ಲ ದುಡಿದು ರಾತ್ರಿ ಏಕತಾರಿ ಹಿಡಿದು ಹಾಡಿದವರ ಪರಂಪರೆ ಅದು. ಹಾಡುವಾತ ಊರನ್ನು ಬಯ್ಯುವುದಕ್ಕಿಂತ ಮೊದಲು ತನ್ನ ಮನಸ್ಸನ್ನೇ ಹೆಸರಿಟ್ಟು ಕರೆದು ಬಯ್ಯುತ್ತಾನೆ. ಹತ್ತು ಜನರ ನಡುವೆ ತಾಳ ಹಾಕುತ್ತ ಹಾಗೆ ಹಾಡಿದ ಮೇಲೆ ಆತ್ಮವಂಚನೆಗೆ ಉಳಿಯುವ ಜಾಗ ಸ್ವಲ್ಪವೇ. ಏಕಾಂತವೊಂದೇ ಆತ್ಮಶೋಧನೆಯ ದಾರಿಯೆಂಬ ನಮ್ಮ ಎಣಿಕೆಯನ್ನು ಈ ಭಜನೆಯ ಮೇಳಗಳು ಸುಳ್ಳು ಮಾಡುತ್ತವೆ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕಮಲಾಪುರ ಸಿಕ್ಕುತ್ತದೆ. ಅಲ್ಲಿನ ಕೆಂಪು ಬಾಳೆಯ ಹಣ್ಣಿಗೆ ಈಗ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಕೊಳ್ಳಲು ಹೋದವರಿಗೆ ಅದರ ಬೆಲೆಯೂ ಗೊತ್ತು. ಉಳಿದ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಸುಮಾರು ಒಂದೂವರೆ ವರ್ಷ ಕಾಯಿಸುತ್ತದೆ. ಇಷ್ಟು ದಿನ ಹೇಗೆ ತಾಳುತ್ತೀರಿ ಎಂದು ಅಲ್ಲಿಯ ವೃದ್ಧ ರೈತರೊಬ್ಬರನ್ನು ಒಮ್ಮೆ ಕೇಳಿದೆ. “ಗೊನಿ ನೋಡ್ಕೋತ ಕುಂತ್ರ ದಿನ ಹೋಗಂಗಿಲ್ರೀ ಸರ. ಬುಡ ನೋಡ್ಬೇಕ್ರಿ. ಬುಡದಾಗ ದಿನಾ ಕೆಲಸ ಇರ್ತದ,” ಎಂದರು. ಅವರು ಬಾಳೆಯ ಮಾತನ್ನೇ ಆಡಿದ್ದು. ಅದಕ್ಕೆ ವೇದಾಂತದ ಬಣ್ಣ ಬಳಿಯುವ ಅಧಿಕಾರ ನನಗಿಲ್ಲ. ಆದರೆ ಎಂಟು ದಿನ ಕಣ್ಣು ಮುಚ್ಚಿ ಕುಳಿತು, ಶಾಂತಿ ಇನ್ನೂ ಬರಲಿಲ್ಲವೆಂದು ದೂರುವ ಮಿತ್ರರನ್ನು ಕಂಡಾಗಲೆಲ್ಲ ಆ ತೋಟ ನೆನಪಾಗುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕವಾದ ಪ್ರಶ್ನೆ ಅದೇ. ನೆರೆಮನೆಯಲ್ಲಿ ಒಲೆ ಉರಿಯದಿರುವಾಗ ತನ್ನ ಮನಸ್ಸನ್ನು ತಾನು ನೋಡುತ್ತ ಕೂರುವುದು ಸ್ವಾರ್ಥವಲ್ಲವೆ? ತರಗತಿಯಲ್ಲಿ ಹುಡುಗರು ಇದನ್ನು ಕೇಳುತ್ತಾರೆ, ಕೇಳಬೇಕಾದದ್ದೇ. ತರ್ಕದಿಂದ ಉತ್ತರ ಹೇಳಲು ಹೊರಟರೆ ಮಾತು ಬೆಳೆಯುತ್ತದೆ. ನಾನು ಅವರನ್ನು ಊರೊಳಗಿನ ಶರಣಬಸವೇಶ್ವರರ ಗುಡಿಯ ಕಡೆಗೆ ಕಳುಹಿಸುತ್ತೇನೆ. 1746ರಲ್ಲಿ ಜೇವರ್ಗಿಯ ಕಡೆಯ ಅರಳಗುಂಡಗಿಯಲ್ಲಿ ಹುಟ್ಟಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಈ ಶರಣರು ಒಕ್ಕಲುತನದವರು. ಗ್ರಂಥ ಬರೆದು ಕೀರ್ತಿ ಪಡೆದವರಲ್ಲ. ಹಸಿದು ಬಂದವರಿಗೆ ಅನ್ನ ಇಕ್ಕಿದವರು. ದಾನ ಮಾಡುವವನಲ್ಲಿ ‘ನಾನು ಕೊಟ್ಟೆ’ ಎಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ ‘ದಾಸನು ನಾನು’ ಎಂಬ ಭಾವವೇ ಮೊದಲು. ಆ ಒಂದು ವ್ಯತ್ಯಾಸವನ್ನು ಪ್ರತಿ ಎಲೆಯ ಮುಂದೆಯೂ ಉಳಿಸಿಕೊಳ್ಳಬೇಕಾದರೆ ಬಡಿಸುವವನು ತನ್ನೊಳಗನ್ನು ಎಷ್ಟು ಎಚ್ಚರದಿಂದ ನೋಡಿಕೊಂಡಿರಬೇಕು! ಅವರ ವಿಷಯವಾಗಿ ಜನ ಹೇಳುವ ಕಥೆ ತಮಗೂ ತಿಳಿದಿರಬಹುದು. ಬೆಳೆ ಕಾಯಲೆಂದು ಹೊಲಕ್ಕೆ ಹೋದವರು ಹಕ್ಕಿಗಳನ್ನು ಅಟ್ಟಲಿಲ್ಲ. ತೆನೆ ತಿಂದ ಹಕ್ಕಿಗಳಿಗೆ ಬಾಯಾರೀತೆಂದು ನೀರನ್ನೂ ಇಟ್ಟರು. ಅಟ್ಟಣೆಯ ಮೇಲೆ ಕುಳಿತ ಆ ಹೊತ್ತಿನಲ್ಲಿ ಅವರು ಕಾಯುತ್ತಿದ್ದುದು ಜೋಳವನ್ನಲ್ಲವೆಂದು ಮಾತ್ರ ತೋರುತ್ತದೆ.