ಯಂತ್ರದೆದುರಿನ ದಾಕ್ಷಿಣ್ಯ

ಬ್ಯಾಂಕಿಗೆ ದೂರವಾಣಿ ಮಾಡಿದವರಿಗೆ ಮೊದಲು ಕೇಳಿಸುವುದು ಮುದ್ರಿಸಿಟ್ಟ ಒಂದು ಹೆಣ್ಣುದನಿ. ಅದರ ಹಿಂದೆ ಯಾರೂ ಕುಳಿತಿಲ್ಲವೆಂದು ಎಲ್ಲರೂ ಬಲ್ಲರು. ಆದರೂ, “ಒಂದನ್ನು ಒತ್ತಿ ಅಂತಾಳೆ, ಎರಡನ್ನು ಒತ್ತಿ ಅಂತಾಳೆ” ಎಂದೇ ಗೊಣಗುತ್ತೇವೆ. “ಅನ್ನುತ್ತದೆ” ಎನ್ನುವವರು ವಿರಳ. ನಮ್ಮ ವ್ಯಾಕರಣವೋ ಈ ವಿಷಯದಲ್ಲಿ ಬಲು ಬಿಗಿ. ಕಲ್ಲು, ಮರ, ಹಸು ಎಲ್ಲವನ್ನೂ ನಪುಂಸಕಲಿಂಗದಲ್ಲಿ ಕೂರಿಸಿ, ತೊಟ್ಟಿಲ ಮಗುವನ್ನೂ ‘ಅಳುತ್ತದೆ’ ಎನ್ನುವ ಭಾಷೆ ಇದು. ಅಂಥ ಭಾಷೆಯನ್ನಾಡುವ ನಾವು, ಯಂತ್ರವೊಂದು ಬಾಯಿ ತೆರೆದೊಡನೆ ಅದಕ್ಕೆ ಸ್ತ್ರೀಲಿಂಗವನ್ನು ದಯಪಾಲಿಸುತ್ತೇವೆ. ಇದೇಕೆ?

ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಗಣಕ ವಿಜ್ಞಾನಿ ಇದ್ದರು. ಬರ್ಲಿನ್ನಿನಲ್ಲಿ ಹುಟ್ಟಿ, 1936ರಲ್ಲಿ ಹಿಟ್ಲರನ ಜರ್ಮನಿಯನ್ನು ತೊರೆದು ಬಂದ ಯಹೂದಿ ಕುಟುಂಬದವರು. ಗಣಕದೊಡನೆ ಇಂಗ್ಲಿಷಿನಲ್ಲಿ ಸಂಭಾಷಿಸುವಂಥ ಒಂದು ಪ್ರೋಗ್ರಾಮನ್ನು ರಚಿಸಿ, 1966ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅದಕ್ಕೆ ‘ಎಲೈಜಾ’ ಎಂದು ಹೆಸರು. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಹೂ ಮಾರುವ ಹುಡುಗಿಯ ಹೆಸರು. ಎಲೈಜಾಳಿಗೆ — ನೋಡಿ, ನಾನೂ ‘ಆಕೆ’ಯನ್ನಾಗಿ ಮಾಡಿಬಿಟ್ಟೆ — ಏನೂ ಅರ್ಥವಾಗುತ್ತಿರಲಿಲ್ಲ. ಬೆರಳಚ್ಚಿಸಿದ ವಾಕ್ಯದಲ್ಲಿ ಗುರುತಿನ ಪದವೊಂದನ್ನು ಹುಡುಕುವುದು, ‘ನನ್ನ’ ಎಂಬುದನ್ನು ‘ನಿಮ್ಮ’ ಎಂದು ತಿರುಗಿಸುವುದು, ಅದನ್ನೇ ಪ್ರಶ್ನೆಯಾಗಿ ಮರಳಿಸುವುದು, ಏನೂ ತೋಚದಿದ್ದರೆ ಮುಂದೆ ಹೇಳಿ ಎನ್ನುವುದು, ಇಷ್ಟೇ ವಿದ್ಯೆ. ರೋಗಿಯ ಮಾತನ್ನು ರೋಗಿಗೇ ಹಿಂದಿರುಗಿಸುವ ಮನೋವೈದ್ಯರ ಒಂದು ಪಂಥದ ಅನುಕರಣೆ ಅದು.

ಅವರ ಕಾರ್ಯದರ್ಶಿನಿ ಈ ರಚನೆಯ ಕೆಲಸವನ್ನು ತಿಂಗಳುಗಟ್ಟಲೆ ಕಂಡಿದ್ದವರು. ಅಂಥವರು ಒಮ್ಮೆ ಎಲೈಜಾದೊಡನೆ ನಾಲ್ಕು ಮಾತಾಡಿ, ತಾವು ಕೋಣೆಯಿಂದ ಹೊರಗೆ ಹೋಗಬೇಕೆಂದು ವೈಜೆನ್‌ಬಾಮರನ್ನೇ ಕೇಳಿಕೊಂಡರು! 1976ರ ತಮ್ಮ ಪುಸ್ತಕದಲ್ಲಿ ಅವರು ಇಂಥದನ್ನು ಭ್ರಮೆಯೆಂದೇ ಕರೆದರು. ನನಗೇಕೋ ಆ ಮಾತು ಒಪ್ಪಿತವಾಗುವುದಿಲ್ಲ. ನಿಜ ತಿಳಿದರೆ ಭ್ರಮೆ ಹರಿಯಬೇಕು. ಇಲ್ಲಿ ನಿಜ ಮೊದಲೇ ತಿಳಿದಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಲಿಫರ್ಡ್ ನಾಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಗಣಕವೊಂದರ ಬಳಿ ಪಾಠ ಕಲಿತವರನ್ನು, ಅದು ಹೇಗೆ ಕಲಿಸಿತೆಂದು ಅದೇ ಗಣಕ ಕೇಳಿದಾಗ ಹೊಗಳಿಕೆ ಹೆಚ್ಚಾಗಿತ್ತು. ಬೇರೊಂದು ಗಣಕ ಕೇಳಿದಾಗ ಅಷ್ಟಿರಲಿಲ್ಲ. ಯಂತ್ರಕ್ಕೆ ದಾಕ್ಷಿಣ್ಯ ತೋರುವಿರಾ ಎಂದರೆ, ಇಲ್ಲವೇ ಇಲ್ಲವೆಂಬ ಉತ್ತರ. ಮಾತಿಗೆ ಮಾತು ಕೊಡುವವನು ಮನುಷ್ಯನೊಬ್ಬನೇ ಆಗಿದ್ದ ಲೋಕದಲ್ಲಿ ನಮ್ಮ ನಡೆನುಡಿ ರೂಢಿಗೊಂಡಿತು. ಪ್ರಶ್ನೆ ಕಿವಿಗೆ ಬಿದ್ದೊಡನೆ ಉತ್ತರದ ಋಣ ಹುಟ್ಟುತ್ತದೆ. ಕೇಳಿದವರು ಯಾರೆಂಬ ವಿಚಾರಣೆ ಆಮೇಲಿನದು.

ಜಪಾನಿನಲ್ಲಿ ಸೋನಿ ಸಂಸ್ಥೆ 1999ರಲ್ಲಿ ‘ಐಬೊ’ ಎಂಬ ಯಂತ್ರನಾಯಿಯನ್ನು ಹೊರತಂದು, 2006ರಲ್ಲಿ ತಯಾರಿಕೆ ನಿಲ್ಲಿಸಿತು. 2014ರಲ್ಲಿ ದುರಸ್ತಿಯನ್ನೂ ಕೈಬಿಟ್ಟಿತು. ಮರುವರ್ಷ ಇಸುಮಿ ಎಂಬ ಊರಿನ ಕೋಫುಕುಜಿ ಬೌದ್ಧ ದೇವಾಲಯದಲ್ಲಿ ಕೆಟ್ಟುನಿಂತ ಐಬೊಗಳಿಗೆ ಉತ್ತರಕ್ರಿಯೆ ನಡೆಯಿತು. ವಿಧಿ ಮುಗಿದ ಮೇಲೆ ಅವುಗಳ ಬಿಡಿಭಾಗಗಳನ್ನು ತೆಗೆದು ಇನ್ನೂ ನಡೆದಾಡುತ್ತಿದ್ದ ನಾಯಿಗಳಿಗೆ ಜೋಡಿಸಿದರು. ಆಯುಧಪೂಜೆಯ ದಿನ ಬಸ್ಸಿನ ಮುಂದೆ ಕುಂಬಳಕಾಯಿ ಒಡೆಯುವ ನಾವು ಇದಕ್ಕೆ ನಗುವ ಹಾಗಿಲ್ಲ. ಅಲ್ಲಿ ಯಾರೂ ಮೋಸ ಹೋಗಲಿಲ್ಲ. ಅದು ಯಂತ್ರವೆಂದು ತಿಳಿದೇ ಧೂಪ ಹಚ್ಚಿದರು.

ನನ್ನ ಕಳವಳ ಬೇರೆ. 2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಬಂದಂದಿನಿಂದ ಎಲೈಜಾದ ಮೊಮ್ಮಕ್ಕಳು ಜನರ ಜೇಬಿನಲ್ಲಿವೆ. ನಡುರಾತ್ರಿ ನಿದ್ದೆ ಬಾರದ ಒಂಟಿ ಜೀವಗಳು ಅವುಗಳೊಡನೆ ಮನಸ್ಸು ಬಿಚ್ಚುತ್ತವೆ. ಅದನ್ನು ಹಳಿಯಲಾರೆ. ಆದರೆ ವೈಜೆನ್‌ಬಾಮರು ಹೇಳಿರುವ ಇನ್ನೊಂದು ಪ್ರಸಂಗ ನೆನಪಾಗುತ್ತದೆ. ಎಲೈಜಾದೊಡನೆ ಜನರಾಡಿದ ಮಾತುಗಳನ್ನೆಲ್ಲ ಆಮೇಲೆ ಓದಿ ನೋಡುವ ಏರ್ಪಾಡು ಮಾಡಿದರೆ ಹೇಗೆಂದು ಅವರು ಸೂಚಿಸಿದಾಗ, ಅಂತರಂಗಕ್ಕೆ ಬೇಹುಗಾರಿಕೆಯೇ ಎಂದು ಸುತ್ತಲಿನವರು ಅವರ ಮೇಲೆರಗಿದರಂತೆ. ಇಂದು ಅಂಥ ಮಾತುಗಳು ಸಾಮಾನ್ಯವಾಗಿ ದೂರದ ಯಾವುದೋ ಕಂಪನಿಯ ಗಣಕಗಳಲ್ಲಿ ಶೇಖರವಾಗುತ್ತವೆ. ಒಪ್ಪಿಗೆಯ ಕರಾರನ್ನು ಮೊದಲ ದಿನವೇ, ಬಹುಮಟ್ಟಿಗೆ ಓದದೆ, ನಾವೇ ಒತ್ತಿರುತ್ತೇವೆ.