ಕಡಲಿಗಿಳಿದ ಪಾತಾಳಗರಡಿ

ಹಿತ್ತಿಲ ಬಾವಿಗೆ ಕೊಡ ಬಿದ್ದರೆ, ಪಾತಾಳಗರಡಿ ಇದ್ದವರ ಮನೆಯನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲವನ್ನು ಹಿರಿಯ ಶ್ರೋತೃಗಳು ಬಲ್ಲರು. ಕಬ್ಬಿಣದ ಬಳೆಗೆ ಕೊಕ್ಕೆಗಳನ್ನು ತೂಗುಬಿಟ್ಟ ಆ ಸಾಧನವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಕಣ್ಣಿಗೆ ಕಾಣದ ತಳವನ್ನು ಕೈಯ ಅಂದಾಜಿನಿಂದಲೇ ತಡಕಬೇಕು. ಕೊಡವೇ ಸಿಕ್ಕೀತೆಂಬ ಭರವಸೆಯಿಲ್ಲ. ಎಂದೋ ಕಳೆದುಹೋದ ತಂಬಿಗೆ ಬರಬಹುದು, ಬರಿಯ ಕೆಸರೂ ಬರಬಹುದು. ಸಮುದ್ರತಳದ ವಿಷಯವಾಗಿ ಮನುಷ್ಯನಿಗಿರುವ ಜ್ಞಾನದ ಅಡಿಗಲ್ಲು ಬಿದ್ದದ್ದೂ ಹೀಗೆಯೇ, ಹಗ್ಗದ ತುದಿಯಿಂದ.

1872ರ ಡಿಸೆಂಬರ್ 21ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ‘ಚಾಲೆಂಜರ್’ ಎಂಬ ಹಡಗು ಹೊರಟಿತು. ಅದು ಯುದ್ಧನೌಕೆ. ಎರಡನ್ನುಳಿದು ಮಿಕ್ಕ ಫಿರಂಗಿಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಪ್ರಯೋಗಶಾಲೆಗಳನ್ನು ಕಟ್ಟಿದ್ದರು. ವೈವಿಲ್ ಥಾಮ್ಸನ್ ವಿಜ್ಞಾನಿಗಳ ನಾಯಕ. ಸುಮಾರು ಮೂರೂವರೆ ವರ್ಷಗಳಲ್ಲಿ ಆ ಹಡಗು 68,890 ನಾಟಿಕಲ್ ಮೈಲಿ ಸುತ್ತಿತು. 362 ನೆಲೆಗಳಲ್ಲಿ ನಿಂತು ಕಡಲನ್ನು ಪರೀಕ್ಷಿಸಿತು. ಸೆಣಬಿನ ಹಗ್ಗಕ್ಕೆ ಭಾರ ಕಟ್ಟಿ ಆಳ ನೋಡುವುದು, ಕಬ್ಬಿಣದ ಚೌಕಟ್ಟಿನ ಚೀಲವನ್ನು ಎಳೆದು ತಳವನ್ನು ಬಾಚುವುದು, ಅದನ್ನು ಮತ್ತೆ ಮೇಲೆತ್ತುವುದು—ಇಷ್ಟೇ ಕೆಲಸ. ಆಳವಾದೆಡೆ ಒಂದು ಸಲದ ಬಾಚುವಿಕೆಗೆ ಇಡೀ ಹಗಲು ಬೇಕು. ವಿಜ್ಞಾನಿಗಳಿಗೆ ಹಬ್ಬ, ಹಗ್ಗ ಎಳೆಯುವ ನಾವಿಕರಿಗೆ ಬೇಸರದ ಜೀತ. ದಾರಿಯಲ್ಲಿ ಸುಮಾರು 60 ಮಂದಿ ಹಡಗನ್ನು ಬಿಟ್ಟು ಓಡಿಹೋದರೆಂದರೆ ಅವರನ್ನು ದೂರಲು ನನಗೆ ಮನಸ್ಸು ಬಾರದು.

ಆ ಕಾಲಕ್ಕೆ ಕಡಲಾಳದ ವಿಷಯವಾಗಿ ವಿದ್ವಾಂಸರ ಬಳಿ ಸಿದ್ಧಾಂತಗಳಿಗೆ ಕೊರತೆಯಿರಲಿಲ್ಲ. ಏಜಿಯನ್ ಸಮುದ್ರವನ್ನು ಶೋಧಿಸಿದ್ದ ಎಡ್ವರ್ಡ್ ಫೋರ್ಬ್ಸ್, ಸುಮಾರು 300 ಮಾರುಗಳ ಕೆಳಗೆ ಜೀವಿಗಳಿರಲಾರವು ಎಂದು 1843ರಲ್ಲಿ ಊಹಿಸಿದ್ದರು. ಚಾಲೆಂಜರ್ ಹೊರಡುವ ಮೊದಲೇ ಅಲುಗಾಡಿದ್ದ ಆ ಊಹೆಯನ್ನು ಅದರ ಬಲೆಗಳು ಪೂರ್ತಿ ಮುಳುಗಿಸಿದವು. ಸಾವಿರಾರು ಮಾರುಗಳ ಆಳದಿಂದಲೂ ಜೀವಿಗಳು ಬಂದವು. ಅದುವರೆಗೆ ಯಾರೂ ಹೆಸರಿಡದಿದ್ದ ಸುಮಾರು 4,700 ಜೀವಜಾತಿಗಳು ಆ ಯಾತ್ರೆಯಿಂದ ಬೆಳಕಿಗೆ ಬಂದವು.

ಇದಕ್ಕಿಂತ ರಸವತ್ತಾದ ಪ್ರಸಂಗ ಇನ್ನೊಂದುಂಟು. ಅಟ್ಲಾಂಟಿಕ್ ತಳದಿಂದ ತಂದು ಮದ್ಯಸಾರದಲ್ಲಿಟ್ಟಿದ್ದ ಕೆಸರಿನಲ್ಲಿ ಲೋಳೆಯಂಥ ಪದಾರ್ಥವನ್ನು ಕಂಡ ಪ್ರಖ್ಯಾತ ವಿಜ್ಞಾನಿ ಥಾಮಸ್ ಹಕ್ಸ್‌ಲಿ, ಅದು ಆದಿಮ ಜೀವಿಯೆಂದು ಭಾವಿಸಿ 1868ರಲ್ಲಿ ಅದಕ್ಕೆ ‘ಬ್ಯಾಥಿಬಿಯಸ್’ ಎಂದು ನಾಮಕರಣ ಮಾಡಿದ್ದರು. ಸೃಷ್ಟಿಯ ಮೂಲವೇ ಕೈಗೆ ಸಿಕ್ಕಿತೆಂದು ಹಲವರು ಹಿಗ್ಗಿದರು. ಚಾಲೆಂಜರ್‌ನವರು ಹೊಸ ಕೆಸರಿನಲ್ಲಿ ಅದನ್ನು ಹುಡುಕಿದರು, ಸಿಗಲಿಲ್ಲ. ಹಡಗಿನ ರಸಾಯನಶಾಸ್ತ್ರಜ್ಞ ಬುಕಾನನ್ ಪರೀಕ್ಷಿಸಿ ನೋಡಲಾಗಿ, ಸಮುದ್ರದ ನೀರಿಗೆ ಮದ್ಯಸಾರ ಬೆರೆತಾಗ ಒತ್ತರಿಸುವ ಸುಣ್ಣದ ಗಂಧಕಾಮ್ಲ ಲವಣವೇ ಆ ‘ಆದಿಜೀವಿ’ ಎಂದು ತಿಳಿಯಿತು. ಸುದ್ದಿ ಬಂದೊಡನೆ, 1875ರಲ್ಲಿ, ಹಕ್ಸ್‌ಲಿ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇಡೀ ಯಾತ್ರೆಯ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟನೆ ಇದು.

ಬಲೆಗೆ ಬಿದ್ದ ಮತ್ತೊಂದು ವಸ್ತುವಿನಿಂದ ನಮಗೆ ಹತ್ತಿರದ ಸಂಬಂಧವಿದೆ. 1873ರಲ್ಲಿ ಅಟ್ಲಾಂಟಿಕ್‌ನಿಂದ, ಮುಂದೆ ಪೆಸಿಫಿಕ್‌ನಿಂದ, ಆಲೂಗಡ್ಡೆಯಂತಹ ಕಪ್ಪು ಗಂಟುಗಳು ಮೇಲೆ ಬಂದವು. ಒಡೆದರೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಕೆಲವದರ ನಡುವೆ ಶಾರ್ಕ್ ಮೀನಿನ ಹಲ್ಲು, ತಿಮಿಂಗಿಲದ ಕಿವಿಯ ಮೂಳೆ. ಎಂದೋ ಸತ್ತ ಪ್ರಾಣಿಯ ಅವಶೇಷದ ಸುತ್ತ, ನೀರಿನಲ್ಲಿ ಕರಗಿದ್ದ ಮ್ಯಾಂಗನೀಸ್ ಮತ್ತು ಕಬ್ಬಿಣ ಕವಚ ಕಟ್ಟಿಕೊಂಡಿವೆ. ಜೊತೆಗೆ ನಿಕಲ್, ತಾಮ್ರ, ಕೋಬಾಲ್ಟ್. ಬೆಳವಣಿಗೆಯೋ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಗಂಟಿಗೆ ಮನುಷ್ಯಕುಲಕ್ಕಿಂತ ಹೆಚ್ಚು ವಯಸ್ಸು.

ಭಾರತದ ಸಂಶೋಧನ ನೌಕೆ ‘ಗವೇಷಣಿ’ ಇಂತಹ ಗಂಟುಗಳನ್ನು ಮೊದಲ ಬಾರಿಗೆ ಮೇಲೆತ್ತಿದ್ದು 1981ರ ಜನವರಿ 26ರಂದು, ಅರಬ್ಬಿ ಸಮುದ್ರದಲ್ಲಿ. 1966ರಲ್ಲಿ ಸ್ಥಾಪನೆಯಾಗಿದ್ದ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಾಧನೆ ಅದು. ಅದರ ಫಲವಾಗಿ 1987ರಲ್ಲಿ ಭಾರತಕ್ಕೆ ಈ ಕ್ಷೇತ್ರದ ಅಗ್ರಗಾಮಿ ರಾಷ್ಟ್ರವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ತಳವನ್ನು ಪರಿಶೋಧಿಸುವ ಹಕ್ಕು ಇಂದು ನಮ್ಮದು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲೆಂದು ಸಿದ್ಧವಾಗುತ್ತಿರುವ ಜಲಯಾನಕ್ಕೆ ‘ಮತ್ಸ್ಯ’ ಎಂದು ಹೆಸರಿಟ್ಟಿದ್ದಾರೆ. ವೇದಗಳನ್ನು ನೀರಿನಿಂದ ಎತ್ತಿತಂದ ಅವತಾರದ ಹೆಸರು. ನಮ್ಮ ವಿಜ್ಞಾನಿಗಳಿಗೆ ಪುರಾಣದ ನೆನಪಿರುವುದು ಸಂತೋಷವೇ.

ಆದರೆ ನೋಡಿ ಬರುವುದು ಒಂದು, ಅಗೆದು ತರುವುದು ಇನ್ನೊಂದು. ಬ್ಯಾಟರಿಗಳಿಗೂ ಮಿಶ್ರಲೋಹಗಳಿಗೂ ಈ ಲೋಹಗಳು ಬೇಕು. ಬೇಡವೆಂದು ನಗರದಲ್ಲಿ ಕುಳಿತು ಹೇಳುವುದು ಸುಲಭವಲ್ಲ. ಗಂಟುಗಳನ್ನೇ ನೆಲೆ ಮಾಡಿಕೊಂಡು ಅಂಟಿ ಬದುಕುವ ಜೀವಿಗಳುಂಟು; ಗಂಟು ಹೋದರೆ ಅವುಗಳ ಮನೆಯೂ ಹೋಯಿತು. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದಾಚೆಯ ಕಡಲಿನಲ್ಲಿ, 4,000 ಮೀಟರಿಗೂ ಹೆಚ್ಚಿನ ಆಳದ ತಳವನ್ನು ಪರೀಕ್ಷೆಗಾಗಿಯೇ ಒಂದು ಬಗೆಯ ಕುಂಟೆಯಿಂದ ಹೊಡೆದರು. ಹೊಲದಲ್ಲಾದರೆ ಒಂದು ಮಳೆಗೆ ಸಾಲು ಅಳಿಸಿಹೋಗುತ್ತದೆ. 2015ರಲ್ಲಿ, ಎಂದರೆ 26 ವರ್ಷಗಳ ಬಳಿಕ, ಹೋಗಿ ನೋಡಿದರೆ ಸಾಲುಗಳು ಹಾಗೆಯೇ ಇದ್ದವು.

ಚಾಲೆಂಜರ್ ತಂದ ಸಾಮಗ್ರಿಯನ್ನು ಪರೀಕ್ಷಿಸಿ 50 ಸಂಪುಟಗಳ ವರದಿ ಮುಗಿಸುವ ವೇಳೆಗೆ 1895 ಬಂದಿತ್ತು. ಥಾಮ್ಸನ್ ತೀರಿಕೊಂಡಿದ್ದರು, ಜಾನ್ ಮರ್ರೆ ಆ ಭಾರವನ್ನು ಹೊತ್ತಿದ್ದರು. 2025ರ ನಡುವಿನ ಲೆಕ್ಕದಂತೆ, ಆಧುನಿಕ ಸಾಧನಗಳಿಂದ ವಿವರವಾದ ನಕ್ಷೆ ಮಾಡಿರುವುದು ಜಗತ್ತಿನ ಸಮುದ್ರತಳದ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಅದೇ ವರ್ಷದ ಜುಲೈ ತಿಂಗಳಲ್ಲಿ ಜಮೈಕದಲ್ಲಿ ಸೇರಿದ ರಾಷ್ಟ್ರಗಳು ಕಡಲತಳದ ಗಣಿಗಾರಿಕೆಯ ನಿಯಮಾವಳಿಯನ್ನು ಅಂಗೀಕರಿಸಲಾಗದೆ ಚದುರಿದವು. ವಿಳಂಬವಾಯಿತೆಂದು ಮರುಗಿದವರುಂಟು. ಸುದ್ದಿಯನ್ನು ಓದಿದಾಗ ನನಗೇನೋ ಬೇಸರವಾಗಲಿಲ್ಲ.