ಊರ ಗೆರೆ ಎಳೆಯುವವರು ಯಾರು?

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ ಭಾನುವಾರದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ಜಿಲ್ಲೆಯೂ ಅದರೊಳಗಿನ ಪಟ್ಟಣಗಳೂ ಒಟ್ಟುಗೂಡಿ ತಮ್ಮ ಬೆಳವಣಿಗೆಯ ಯೋಜನೆ ಮಾಡುವುದು ಹೇಗೆ ಎಂಬುದು ಈ ದಿನದ ವಿಷಯ. ಹೆಸರು ಕೇಳಿದರೆ ಇದು ಕಚೇರಿಯ ಕಡತಕ್ಕೆ ಸೇರಿದ್ದೆಂದು ತೋರೀತು. ಆದರೆ ಪಾಳಿ ಮುಗಿಸಿ ಮನೆಗೆ ಹೋಗುವವನ ದಾರಿ, ಅವನ ಮನೆಯ ನಲ್ಲಿ, ಅವನು ಕೊಡುವ ಬಾಡಿಗೆ, ಪೇಟೆಯ ಚಿಕ್ಕ ಅಂಗಡಿಯವನ ಗಿರಾಕಿ, ಇವೆಲ್ಲ ಈ ಒಂದು ಪ್ರಶ್ನೆಗೆ ಕಟ್ಟುಬಿದ್ದಿವೆ.

ಊರು ಬೆಳೆಯುತ್ತದೆ. ಪುರಸಭೆಯ ಗಡಿ ದಾಟಿ ಹೊಲಗಳೊಳಗೆ ಹೋಗುತ್ತದೆ. ಗಡಿಯ ಹೊರಗೆ ನಿವೇಶನ ಅಗ್ಗವೆಂದು ದುಡಿಯುವವನು ಸಾಲ ಮಾಡಿ ಕೊಳ್ಳುತ್ತಾನೆ. ಆಮೇಲೆ ನೀರು ಕೇಳಿದರೆ ಪುರಸಭೆಯವರು, ಅದು ನಮ್ಮ ಗಡಿಯಲ್ಲ ಎನ್ನುತ್ತಾರೆ. ಪಂಚಾಯಿತಿಯವರು, ನಮ್ಮಲ್ಲಿ ಹಣವಿಲ್ಲ ಎನ್ನುತ್ತಾರೆ. ಲೇಔಟ್ ಮಾಡಿ ಮಾರಿದವನು ಅಷ್ಟರಲ್ಲಿ ಮುಂದಿನ ಹೊಲಕ್ಕೆ ಹೋಗಿರುತ್ತಾನೆ. ಎರಡು ಸರ್ಕಾರಗಳ ನಡುವಿನ ಸಂದಿನಲ್ಲಿ ಲಾಭ ಅವನಿಗೆ, ಕೆಸರು ನಮಗೆ.

ಈ ಸಂದನ್ನು ಮುಚ್ಚಲು ಒಂದು ಸೀಮೆಯ ಜನ ಅರವತ್ತು ವರ್ಷಕ್ಕೂ ಮಿಕ್ಕಿ ನಡೆಸಿರುವ ಪ್ರಯತ್ನದ ಕಥೆ ಹೇಳುತ್ತೇನೆ. ಅದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು. ಆದರೆ ಅದನ್ನು ಆಳುವವರು ಮೇಲಿನಿಂದ ಬಂದ ಅಧಿಕಾರಿಗಳಲ್ಲ, ಜನ ಆರಿಸಿದ ಕೌನ್ಸಿಲ್. ಆ ಕೌಂಟಿಯೊಳಗೆ ಸಿಯಾಟಲ್ ಸೇರಿ 39 ನಗರಗಳಿವೆ. 2020ರ ಜನಗಣತಿಯಂತೆ ಕೌಂಟಿಯ ಜನಸಂಖ್ಯೆ ಸುಮಾರು 22 ಲಕ್ಷ 70 ಸಾವಿರ. ಅದರಲ್ಲಿ ಸಿಯಾಟಲಿನದು 7 ಲಕ್ಷ 37 ಸಾವಿರ. ಪ್ರತಿ ನಗರಕ್ಕೂ ತನ್ನ ಕೌನ್ಸಿಲ್, ತನ್ನ ಬೊಕ್ಕಸ, ತನ್ನ ಕಟ್ಟಡ ನಿಯಮ. ಯಾವ ನಗರಕ್ಕೂ ಸೇರದ ಹಳ್ಳಿ, ಹೊಲ, ಕಾಡು ಕೌಂಟಿಯ ಕೈಯಲ್ಲಿ.

ಕಥೆ ಶುರುವಾಗುವುದು ಕೊಳಚೆ ನೀರಿನಿಂದ. ಸಿಯಾಟಲ್ ನಗರಕ್ಕೂ ಅದರ ಪೂರ್ವದ ಊರುಗಳಿಗೂ ನಡುವೆ ವಾಷಿಂಗ್ಟನ್ ಸರೋವರವಿದೆ. ಯುದ್ಧದ ನಂತರ ಸರೋವರದ ಸುತ್ತ ಬಡಾವಣೆಗಳೆದ್ದವು. ಪ್ರತಿಯೊಂದು ಊರೂ ತನ್ನ ಕೊಳಚೆಯನ್ನು ಅಷ್ಟಿಷ್ಟು ಶುದ್ಧಿ ಮಾಡಿ ಸರೋವರಕ್ಕೇ ಬಿಡುತ್ತಿತ್ತು. ಹೀಗೆ ದಿನಕ್ಕೆ ಸುಮಾರು 2 ಕೋಟಿ ಗ್ಯಾಲನ್ ಸೇರುವ ಸ್ಥಿತಿ ಬಂತು. ನೀರು ಪಾಚಿಗಟ್ಟಿ ನಾರಿತು. ಒಂದು ಊರು ತನ್ನ ಖರ್ಚಿನಲ್ಲಿ ನೀರು ಶುದ್ಧಿ ಮಾಡಿದರೂ ಪಕ್ಕದ ಊರು ಮಾಡದಿದ್ದರೆ ಫಲವೇನು? ಸರೋವರಕ್ಕೆ ವಾರ್ಡಿನ ಗಡಿ ಗೊತ್ತಿಲ್ಲ.

1958ರ ಮಾರ್ಚಿಯಲ್ಲಿ ಜನರ ಮುಂದೆ ಒಂದು ಸಲಹೆ ಬಂತು. 'ಮೆಟ್ರೊ' ಎಂಬ ಸಂಯುಕ್ತ ಸಂಸ್ಥೆಯೊಂದು ಕೊಳಚೆ, ಸಾರಿಗೆ, ಯೋಜನೆ ಮೂರನ್ನೂ ನೋಡಿಕೊಳ್ಳಲಿ ಎಂಬುದು ಆ ಸಲಹೆ. ನಗರದಲ್ಲೂ ಬಹುಮತ ಬರಬೇಕು, ನಗರದ ಹೊರಗೂ ಬರಬೇಕು ಎಂಬುದು ನಿಯಮ. ಸಿಯಾಟಲ್ ಒಪ್ಪಿತು, ಹೊರಗಿನವರು ಒಪ್ಪಲಿಲ್ಲ. ದೊಡ್ಡ ನಗರ ನಮ್ಮನ್ನು ನುಂಗುತ್ತದೆ ಎಂಬ ಅಂಜಿಕೆ ಅವರಿಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೊಳಚೆ ಒಂದನ್ನೇ ಇಟ್ಟುಕೊಂಡು ಮತ್ತೆ ಕೇಳಿದರು. ಈ ಸಲ ಎರಡೂ ಕಡೆ ಗೆದ್ದಿತು. ಸರೋವರವನ್ನು ಬಳಸಿ ದೊಡ್ಡ ಕೊಳವೆಗಳನ್ನು ಹಾಕಿದರು. 1968ರ ಹೊತ್ತಿಗೆ ಕೊಳಚೆ ಸರೋವರಕ್ಕೆ ಬೀಳುವುದು ನಿಂತಿತು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು.

ಇದರಲ್ಲಿ ಒಂದು ಪಾಠವೂ ಇದೆ, ಒಂದು ಕೊರತೆಯೂ ಇದೆ. ಕಣ್ಣಿಗೆ ಕಾಣುವ ಒಂದು ಕಷ್ಟವನ್ನು ಹಿಡಿದರೆ ಬೇರೆ ಬೇರೆ ಊರುಗಳು ಕೂಡಬಲ್ಲವು ಎಂಬುದು ಪಾಠ. ಕೊರತೆಯೇನೆಂದರೆ, ಕೊಳವೆಗೆ ಎಲ್ಲರೂ ಕೂಡಿದರು, ನೆಲದ ಪ್ರಶ್ನೆಗೆ ಯಾರೂ ಕೂಡಲಿಲ್ಲ. ಯೋಜನೆಯ ಅಧಿಕಾರ ಮಾರ್ಚಿಯಲ್ಲೇ ಬಿದ್ದುಹೋಗಿತ್ತು.

ನೆಲಕ್ಕೆ ಏನಾಯಿತು ನೋಡಿ. ಸಿಯಾಟಲಿನ ದಕ್ಷಿಣಕ್ಕೆ ಗ್ರೀನ್ ನದಿಯ ಕಣಿವೆಯಿದೆ. ತರಕಾರಿ ಮತ್ತು ಹಾಲಿನ ಸೀಮೆ, ಒಳ್ಳೆಯ ಮೆಕ್ಕಲು ಮಣ್ಣು. 1960ರ ದಶಕದ ಆರಂಭದಲ್ಲಿ ಮೇಲ್ಗಡೆ ಅಣೆಕಟ್ಟು ಮುಗಿದು ಪ್ರವಾಹದ ಭಯ ಇಳಿಯಿತು. ಇಳಿದದ್ದೇ ತಡ, ಹೊಲಗಳ ಮೇಲೆ ಕಾರ್ಖಾನೆ, ಗೋದಾಮು, ವಾಹನ ನಿಲ್ದಾಣಗಳು ಎದ್ದವು. 1968ರಲ್ಲಿ ಟಕ್‌ವಿಲಾ ಎಂಬ ಸಣ್ಣ ಊರಿನಲ್ಲಿ ಸೌತ್‌ಸೆಂಟರ್ ಎಂಬ ದೊಡ್ಡ ಮಾಲು ತೆರೆಯಿತು. ಅಲ್ಲಿಯ ನಗರಗಳ ಬೊಕ್ಕಸ ತುಂಬುವುದು ಬಹುಮಟ್ಟಿಗೆ ಆಸ್ತಿ ತೆರಿಗೆಯಿಂದ ಮತ್ತು ಮಾರಾಟ ತೆರಿಗೆಯಿಂದ. ಆದುದರಿಂದ ಪ್ರತಿ ಊರಿಗೂ ಮಾಲು ಬೇಕು, ಕಾರು ಮಾರುವ ಅಂಗಡಿ ಬೇಕು. ಆದರೆ ಅಲ್ಲಿ ದುಡಿಯುವ ಹುಡುಗಿಯ ಮನೆ ಪಕ್ಕದ ಊರಿನಲ್ಲಿರಲಿ. ಅವಳ ಮಕ್ಕಳ ಶಾಲೆ, ಅವಳ ರಸ್ತೆ, ಅವಳ ಚರಂಡಿಯ ಖರ್ಚು ಮತ್ತೊಬ್ಬರದಾಗಲಿ. ಇದು ಒಂದು ಊರಿನ ದುರಾಸೆ ಎಂದು ನಾನು ಹೇಳುವುದಿಲ್ಲ. ಒಂದೊಂದು ಊರೂ ತನ್ನ ಲೆಕ್ಕವನ್ನು ತಾನೇ ಮಾಡಿಕೊಂಡರೆ ಯಾವ ಊರಾದರೂ ಮಾಡುವುದು ಇದನ್ನೇ.

1979ರಲ್ಲಿ ಕೌಂಟಿಯ ಜನ ಮತ ಹಾಕಿ 5 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿದರು. ಆ ಹಣದಿಂದ ಉಳಿದ ಹೊಲಗಳ ಮೇಲೆ ಕಟ್ಟಡ ಎಬ್ಬಿಸುವ ಹಕ್ಕನ್ನು ಸರ್ಕಾರ ಕೊಂಡುಕೊಂಡಿತು. ಹೊಲ ರೈತನದೇ, ಬೆಳೆ ರೈತನದೇ; ಲೇಔಟ್ ಮಾಡುವ ಹಕ್ಕು ಮಾತ್ರ ಎಂದೆಂದಿಗೂ ಹೋಯಿತು. ಹೀಗೆ 12,000 ಎಕರೆಗೂ ಹೆಚ್ಚು ಉಳಿಯಿತು. ಒಳ್ಳೆಯ ಕೆಲಸವೇ. ಆದರೆ ಹಣ ಕೊಟ್ಟು ಇಡೀ ಜಿಲ್ಲೆಯನ್ನು ಉಳಿಸಿಕೊಳ್ಳಲಾಗದು. ಕಾನೂನು ಬೇಕಾಯಿತು.

1990ರಲ್ಲಿ ರಾಜ್ಯದ ಶಾಸನಸಭೆ ಬೆಳವಣಿಗೆ ನಿರ್ವಹಣಾ ಕಾಯಿದೆಯನ್ನು ಮಾಡಿತು. ಆ ಕಾಯಿದೆಗೆ ಹಲ್ಲಿಲ್ಲವೆಂದು ಹಲವರು ದೂರಿದರು. ಅದೇ ನವೆಂಬರಿನಲ್ಲಿ ಇನ್ನೂ ಬಿಗಿಯಾದ ಕಾನೂನಿಗಾಗಿ ಸಹಿ ಸಂಗ್ರಹಿಸಿ ಜನಮತಕ್ಕೆ ಹಾಕಿದರು. ಮತದಲ್ಲಿ ಸೋತರು. ಆದರೂ ಆ ಒತ್ತಡ ವ್ಯರ್ಥವಾಗಲಿಲ್ಲ: 1991ರಲ್ಲಿ ಶಾಸನಸಭೆಯೇ ಕಾಯಿದೆಯನ್ನು ತಿದ್ದಿ, ಕೌಂಟಿಯೂ ನಗರಗಳೂ ಒಂದೇ ನೀತಿಯ ಕೆಳಗೆ ಯೋಜನೆ ಮಾಡತಕ್ಕದ್ದು ಎಂದು ಕಡ್ಡಾಯ ಮಾಡಿತು. ಸೋತ ಚಳವಳಿಯೂ ಫಲ ಕೊಡುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಕಾಯಿದೆ ನಡೆಯುವ ರೀತಿ ಹೀಗೆ. ಮೊದಲು, ಇನ್ನು 20 ವರ್ಷಗಳಲ್ಲಿ ಕೌಂಟಿಗೆ ಎಷ್ಟು ಜನ ಬಂದಾರು ಎಂದು ರಾಜ್ಯ ಸರ್ಕಾರದ ಕಚೇರಿ ಅಂದಾಜು ಮಾಡುತ್ತದೆ. ಆ ಲೆಕ್ಕವನ್ನು ಕೌಂಟಿಯೂ ನಗರಗಳೂ ಕೂತು ಹಂಚಿಕೊಳ್ಳಬೇಕು: ಈ ನಗರಕ್ಕೆ ಇಷ್ಟು ಮನೆ, ಇಷ್ಟು ಉದ್ಯೋಗ. ಎರಡನೆಯದಾಗಿ, ಕೌಂಟಿ ನಗರಗಳೊಡನೆ ಸಮಾಲೋಚಿಸಿ ನಕ್ಷೆಯ ಮೇಲೆ ಒಂದು ಗೆರೆ ಎಳೆಯಬೇಕು. ಗೆರೆಯ ಒಳಗೆ ಊರು ಬೆಳೆಯಲಿ. ಹೊರಗೆ ಹೊಲ, ಕಾಡು, ಹಳ್ಳಿ. ಒಳಚರಂಡಿಯಂಥ ನಗರದ ಸೌಕರ್ಯವನ್ನು, ಜನರ ಆರೋಗ್ಯಕ್ಕೆ ಅಪಾಯವಿಲ್ಲದಿದ್ದರೆ, ಸಾಮಾನ್ಯವಾಗಿ ಗೆರೆಯ ಹೊರಗೆ ಒಯ್ಯಕೂಡದು. ಕೊಳವೆ ಹೋಗದ ಕಡೆ ಲೇಔಟ್ ಹುಟ್ಟುವುದಿಲ್ಲವಷ್ಟೆ. ಮೂರನೆಯದಾಗಿ, ಹೊಸ ಬಡಾವಣೆಯ ಭಾರ ಹೊರುವ ರಸ್ತೆ ಆಗಲೇ ಇರಬೇಕು, ಇಲ್ಲವೆ 6 ವರ್ಷದೊಳಗೆ ಮಾಡಲು ಹಣ ಗೊತ್ತುಮಾಡಿರಬೇಕು, ಇಲ್ಲದಿದ್ದರೆ ಅನುಮತಿಯಿಲ್ಲ. ನಾಲ್ಕನೆಯದಾಗಿ, ಯಾವ ಊರಾದರೂ ತಪ್ಪಿದರೆ ಸಾಮಾನ್ಯ ಪ್ರಜೆಯೂ ವಿಚಾರಣಾ ಮಂಡಳಿಯ ಮುಂದೆ ದೂರು ಕೊಡಬಹುದು. ಮಂಡಳಿ ತಪ್ಪೆಂದರೂ ತಿದ್ದಿಕೊಳ್ಳದ ಊರಿಗೆ ಬರುವ ರಾಜ್ಯದ ಹಣವನ್ನು ಗವರ್ನರ್ ತಡೆಹಿಡಿಯಬಹುದು.

ಹಾಗಾದರೆ ದೊಡ್ಡಣ್ಣ ಯಾರು? ಕಿಂಗ್ ಕೌಂಟಿಯವರು ಇದಕ್ಕೊಂದು ಜಾಣ ಉಪಾಯ ಕಂಡರು. ಕೌಂಟಿ, ಸಿಯಾಟಲ್, ಬೆಲ್‌ವ್ಯೂ ಮತ್ತು ಇತರ ನಗರಗಳ ಚುನಾಯಿತರು ಕೂಡಿದ ಒಂದು ಯೋಜನಾ ಸಮಿತಿಯನ್ನು ಮಾಡಿಕೊಂಡರು. ಸಮಿತಿ ಸಿದ್ಧಪಡಿಸಿದ ನೀತಿಯನ್ನು ಕೌಂಟಿ ಕೌನ್ಸಿಲ್ ಒಪ್ಪಿದರೆ ಸಾಲದು. ಸ್ಥಳೀಯ ಸರ್ಕಾರಗಳಲ್ಲಿ ನೂರಕ್ಕೆ 30ರಷ್ಟಾದರೂ ಒಪ್ಪಬೇಕು. ಹಾಗೆ ಒಪ್ಪಿದವುಗಳಲ್ಲಿ ಕೌಂಟಿಯ ಜನಸಂಖ್ಯೆಯ ನೂರಕ್ಕೆ 70ರಷ್ಟಾದರೂ ಇರಬೇಕು. ಇದರ ಅರ್ಥ ನೋಡಿ. ಸಣ್ಣ ಊರುಗಳು ಎಷ್ಟೇ ಸೇರಿದರೂ ಹೆಚ್ಚು ಜನರ ಇಷ್ಟವನ್ನು ಮೀರುವಂತಿಲ್ಲ. ದೊಡ್ಡ ನಗರವೊಂದೇ ಸಣ್ಣವರ ಮೇಲೆ ಸವಾರಿ ಮಾಡುವಂತೆಯೂ ಇಲ್ಲ. 90 ದಿನದೊಳಗೆ ಒಲ್ಲೆನೆಂದು ಗೊತ್ತುವಳಿ ಮಾಡದ ನಗರ ಒಪ್ಪಿದಂತೆಯೇ ಲೆಕ್ಕ. ಆದ್ದರಿಂದ ಬಾಯಿ ಮುಚ್ಚಿಕೊಂಡು ಕೂತು ಕೆಲಸ ಕೆಡಿಸುವ ದಾರಿಯೂ ಮುಚ್ಚಿತು.

ಫಲವೇನಾಯಿತು? ಗೆರೆಯ ಒಳಗಿರುವುದು ಸುಮಾರು 460 ಚದರ ಮೈಲಿ, ಕೌಂಟಿಯ ಕಾಲುಭಾಗಕ್ಕಿಂತ ಕಡಿಮೆ. 1994ರಲ್ಲಿ ಕೌಂಟಿಯ ಯೋಜನೆಯಲ್ಲಿ ಎಳೆದ ಆ ಗೆರೆ ಹೆಚ್ಚು ಕದಲಿಲ್ಲ. ಗೆರೆಯಂಚಿನ ಭೂಮಾಲೀಕ ತನ್ನ 1 ಎಕರೆಯನ್ನು ಒಳಗೆ ಸೇರಿಸಬೇಕೆಂದರೆ 4 ಎಕರೆಯನ್ನು ಬಯಲಾಗಿ ಬಿಟ್ಟುಕೊಡಬೇಕೆಂಬ ಕ್ರಮವೂ ಬಂತು. ಆಮೇಲೆ ಬಂದ ಹೊಸ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಒಳಗೇ ಎದ್ದಿವೆ. ಹೊಲ ಉಳಿಯಿತು, ಕಾಡು ಉಳಿಯಿತು.

ಆದರೆ ಸಂಗಾತಿಗಳೆ, ಕಥೆಯನ್ನು ಇಲ್ಲಿಗೇ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಗೆರೆಯ ಹೊರಗೆ ಮನೆ ಬೇಡವೆಂದ ಮೇಲೆ ಒಳಗೆ ಮನೆಗೆ ಎಡೆಯಿರಬೇಕು. ಅನೇಕ ನಗರಗಳು ಹೊಲ ಉಳಿಸುವ ಗೊತ್ತುವಳಿಗೆ ಕೈಯೆತ್ತಿ, ತಮ್ಮ ಬೀದಿಗಳಲ್ಲಿ ಮಾತ್ರ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ಹಳೆಯ ನಿಯಮವನ್ನು ಬಿಡಲಿಲ್ಲ. ಅತ್ತ ದೊಡ್ಡ ಕಂಪೆನಿಗಳು ಬಂದವು, ಕೆಲಸ ಹೆಚ್ಚಿತು. ಇತ್ತ ಮನೆ ಅಷ್ಟು ಹೆಚ್ಚಲಿಲ್ಲ. ಬಾಡಿಗೆ ಏರಿತು. ಅಡಿಗೆಯವನು, ಬಸ್ಸು ಓಡಿಸುವವನು, ದಾದಿ, ಇವರೆಲ್ಲ ಪಕ್ಕದ ಕೌಂಟಿಗಳಿಗೆ ಹೋಗಿ ನೆಲಸಿ ದಿನವೂ ಗಂಟೆಗಟ್ಟಲೆ ಪ್ರಯಾಣ ಮಾಡುವಂತಾಯಿತು. ಬಡಾವಣೆಗಳನ್ನು ನಗರಗಳಿಗೆ ಸೇರಿಸುವ ಕೆಲಸದಲ್ಲೂ ಹೀಗೇ. ಸ್ಕೈವೇ, ವೈಟ್ ಸೆಂಟರ್ ಎಂಬ ದುಡಿಯುವವರ ಬಡಾವಣೆಗಳು ಗೆರೆಯ ಒಳಗಿದ್ದರೂ ಯಾವ ನಗರಕ್ಕೂ ಸೇರದೆ ಉಳಿದವು. ಆದಾಯಕ್ಕಿಂತ ಖರ್ಚೇ ಹೆಚ್ಚೆಂದು ನಗರಗಳು ಲೆಕ್ಕ ಹಾಕಿದವು. ತೆರಿಗೆ ಏರೀತೆಂದು ಅಲ್ಲಿಯ ಕೆಲವು ಜನರೂ ಅಂಜಿದರು.

ಈ ಕೊರತೆಯನ್ನು ತುಂಬಲು ರಾಜ್ಯ ಮತ್ತೆ ಕಾನೂನು ಮಾಡಬೇಕಾಯಿತು. 2021ರ ತಿದ್ದುಪಡಿಯ ಪ್ರಕಾರ, ಬರೇ ಇಷ್ಟು ಮನೆ ಎಂದರೆ ಸಾಲದು. ಕಡಿಮೆ ಸಂಬಳದವರಿಗೆ ಎಷ್ಟು, ನಡುವಿನವರಿಗೆ ಎಷ್ಟು ಎಂದು ವರಮಾನದ ಮೆಟ್ಟಲಿಗೆ ತಕ್ಕಂತೆ ಪ್ರತಿ ನಗರವೂ ಲೆಕ್ಕ ಕೊಡಬೇಕು. ಕಿಂಗ್ ಕೌಂಟಿಗೆ 2019ರಿಂದ 2044ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಹೊಸ ಮನೆಗಳು ಬೇಕೆಂದು ಗೊತ್ತಾಯಿತು. 2023ರಲ್ಲಿ ಮತ್ತೊಂದು ಕಾಯಿದೆ ಬಂತು: 75,000ಕ್ಕೆ ಕಡಿಮೆಯಿಲ್ಲದಷ್ಟು ಜನರಿರುವ ನಗರಗಳು ವಸತಿಯ ಒಂದು ನಿವೇಶನದಲ್ಲಿ ನಾಲ್ಕು ಮನೆಗಳಿಗಾದರೂ ಅವಕಾಶ ಕೊಡಬೇಕು. ಕೂಡಿ ಯೋಜಿಸುವುದೆಂದರೆ ಬರೇ ಹಸಿರು ಉಳಿಸುವುದಲ್ಲ, ಮನೆಯ ಭಾರವನ್ನೂ ಹಂಚಿಕೊಳ್ಳುವುದು ಎಂದು ತಿಳಿಯಲು ಅವರಿಗೆ 30 ವರ್ಷ ಬೇಕಾಯಿತು.

ಇನ್ನು ನಮ್ಮ ಮಾತು. ನಮಗೆ ಇಂಥ ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ 243 ಜೆಡ್‌ಡಿ ವಿಧಿಯಂತೆ ಜಿಲ್ಲೆಗೊಂದು ಯೋಜನಾ ಸಮಿತಿಯಿರಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಂತೆ ಜಿಲ್ಲಾ ಪಂಚಾಯಿತಿಯ ಮತ್ತು ಪಟ್ಟಣಗಳ ಚುನಾಯಿತರೇ ತಮ್ಮೊಳಗಿಂದ ಆರಿಸಿದವರಿರಬೇಕು, ಅದೂ ಹಳ್ಳಿ ಮತ್ತು ಪಟ್ಟಣದ ಜನಸಂಖ್ಯೆಯ ಪ್ರಮಾಣದಲ್ಲಿ. ನೀರಿನ ಹಂಚಿಕೆ, ನೆಲದ ಬಳಕೆ, ರಸ್ತೆ ಚರಂಡಿಗಳು, ಪರಿಸರ, ಇವೆಲ್ಲ ಆ ಸಮಿತಿ ಗಮನಿಸಬೇಕಾದ ವಿಷಯಗಳೆಂದು ಸಂವಿಧಾನವೇ ಹೇಳಿದೆ. ಕಿಂಗ್ ಕೌಂಟಿಯವರು ಹೊಡೆದಾಡಿ ಪಡೆದದ್ದು ನಮ್ಮ ಸಂವಿಧಾನದ ಪುಟದಲ್ಲೇ ಇದೆ.

ಪುಟದಲ್ಲಿರುವುದು ನೆಲಕ್ಕೆ ಇಳಿಯದಿದ್ದರೆ ಏನಾಗುತ್ತದೆ? ಬೆಂಗಳೂರಿನ ಉದಾಹರಣೆ ಸಾಕು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಮಹಾನಗರಕ್ಕೆ ಸೇರಿಸಿದರು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಗಡಿ ಮೊದಲು ಬಂತು, ನೀರು 17 ವರ್ಷ ತಡವಾಗಿ. ನಡುವಿನ ಕಾಲವೆಲ್ಲ ಕೊಳವೆ ಬಾವಿ ಮತ್ತು ಟ್ಯಾಂಕರಿನವನ ಕಾಲ.

ನಮ್ಮ ಜಿಲ್ಲೆಯಲ್ಲಿ ಹಾಗಾಗಬಾರದೆಂದಿದ್ದರೆ ನಾವು ಕೇಳಬೇಕಾದ್ದು ನಾಲ್ಕು. ಒಂದು, ಜಿಲ್ಲಾ ಯೋಜನಾ ಸಮಿತಿ ಎಷ್ಟು ಸಲ ಕೂಡಿತು, ಏನು ತೀರ್ಮಾನಿಸಿತು ಎಂಬುದನ್ನು ಪ್ರಕಟಿಸಲಿ. ಎರಡು, ಊರು ಯಾವ ದಿಕ್ಕಿಗೆ ಬೆಳೆಯಬೇಕು, ಯಾವ ಹೊಲ ಯಾವ ಕೆರೆ ಉಳಿಯಬೇಕು ಎಂಬ ನಕ್ಷೆಯನ್ನು ಪುರಸಭೆಯೂ ಸುತ್ತಲಿನ ಪಂಚಾಯಿತಿಗಳೂ ಕೂಡಿ ಮಾಡಿ, ಕನ್ನಡದಲ್ಲಿ, ಚಾವಡಿಯ ಗೋಡೆಗೆ ಅಂಟಿಸಲಿ. ಮೂರು, ನೀರು, ರಸ್ತೆ, ಚರಂಡಿ ಗೊತ್ತಾಗದೆ ಯಾವ ಲೇಔಟಿಗೂ ಅನುಮತಿ ಬೇಡ. ನಾಲ್ಕು, ಆ ನಕ್ಷೆಯಲ್ಲಿ ಕೂಲಿಯವನ ಮನೆಗೂ ಸಣ್ಣ ಅಂಗಡಿಗೂ ಜಾಗವನ್ನು ಮೊದಲೇ ಗುರುತು ಮಾಡಲಿ. ಉಳಿದದ್ದನ್ನು ಕೊಡುತ್ತೇವೆಂಬ ಮಾತು ಬೇಡ.

ಕೆಲವು ವರ್ತಕ ಮಿತ್ರರಿಗೆ ಸಂದೇಹವಿದೆ: ಗೆರೆ ಎಳೆದರೆ ವ್ಯಾಪಾರ ಕುಗ್ಗೀತೇ? ಊರು ಹೊಲಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಹರಡಿದರೆ ಗಿರಾಕಿ ಹೆದ್ದಾರಿಯ ದೊಡ್ಡ ಮಳಿಗೆಗೆ ಹೋಗುತ್ತಾನೆ. ಊರು ಒತ್ತಾಗಿ ಬೆಳೆದರೆ ಅವನು ನಡೆದು ನಿಮ್ಮ ಅಂಗಡಿಗೆ ಬರುತ್ತಾನೆ. ಗಿರಣಿಯವನ ಹಿತವೂ ಅಂಗಡಿಯವನ ಹಿತವೂ ಇಲ್ಲಿ ಒಂದೇ.

ಗೆರೆಯಂತೂ ಬೀಳುತ್ತದೆ. ನಾವು ಸಭೆಯಲ್ಲಿ ಕೂತು ಎಳೆಯದಿದ್ದರೆ ಭೂಮಿ ಕೊಂಡು ಮಾರುವವನು ತನ್ನ ಹಗ್ಗ ಹಿಡಿದು ಎಳೆಯುತ್ತಾನೆ. ಮುಂದಿನ ವಾರ್ಡು ಸಭೆಗೆ, ಮುಂದಿನ ಗ್ರಾಮಸಭೆಗೆ ಈ ನಾಲ್ಕು ಬೇಡಿಕೆಗಳನ್ನು ಬರೆದುಕೊಂಡು ಹೋಗಿರಿ. ಉತ್ತರ ಬರೆವಣಿಗೆಯಲ್ಲೇ ಕೊಡಿರೆಂದು ಕೇಳಿರಿ.